ಗ್ಲಿಯೋಬ್ಲಾಸ್ಟೊಮಾಕ್ಕೆ ಕೀಟೊ ಪಥ್ಯ: ಗಡ್ಡೆಯೊಳಗೆ ಏನಾಗುತ್ತದೆ, ಮಾಡುವುದಾದರೆ ಹೇಗೆ?

ತುಂಗಾತೀರ (ಪ್ರಶ್ನೆ)

ರೋಗಿಯ ವಿವರ ಮೊದಲು. 58 ವರ್ಷದ ಗಂಡಸು, ತೂಕ 60 ಕೆಜಿ. ಮೆದುಳಿನ ಬಲಭಾಗದಲ್ಲಿ ಗ್ಲಿಯೋಬ್ಲಾಸ್ಟೊಮಾ (ಮೆದುಳಿನಲ್ಲೇ ಹುಟ್ಟಿ ಬೇಗ ಬೆಳೆಯುವ ಕ್ಯಾನ್ಸರ್ ಗಡ್ಡೆ), ಐಡಿಎಚ್ ವೈಲ್ಡ್‌ಟೈಪ್ (ಐಡಿಎಚ್ ಜೀನ್ ಬದಲಾಗದ ಬಗೆ) ಎಂದು ಬಯಾಪ್ಸಿ ವರದಿ. ಆಪರೇಷನ್ ಆಗಿ ಮೂರು ವಾರ. ಇನ್ನು ಹತ್ತು ದಿನಕ್ಕೆ ರೇಡಿಯೇಷನ್ ಮತ್ತು ಟೆಮೊಜೊಲೊಮೈಡ್ (ಕೀಮೊ ಮಾತ್ರೆ) ಒಟ್ಟಿಗೆ ಶುರುವಾಗುತ್ತವೆ. ಈಗ ತೆಗೆದುಕೊಳ್ಳುತ್ತಿರುವುದು: ಮೆದುಳಿನ ಊತಕ್ಕೆ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ದಿನಕ್ಕೆ 4 ಮಿಲಿಗ್ರಾಂ, ಮೂರ್ಛೆ ತಡೆಯಲು ಲೆವೆಟಿರಾಸೆಟಮ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ಡಪಾಗ್ಲಿಫ್ಲೋಜಿನ್. ಮೊಟ್ಟೆ ತಿನ್ನುತ್ತಾರೆ, ಮಾಂಸ ಇಲ್ಲ.

ವಿಡಿಯೊಗಳಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ಗಡ್ಡೆಗೆ ಸಕ್ಕರೆಯೇ ಆಹಾರ, ಅನ್ನ-ಮುದ್ದೆ ಬಿಟ್ಟು ಕೊಬ್ಬು ತಿಂದರೆ ಅದು ಹಸಿದು ಸಾಯುತ್ತದೆ. ಆಂಕಾಲಜಿ ಡಾಕ್ಟರು ‘ಪುರಾವೆ ಸಾಲದು, ತೂಕ ಇಳಿಯದಂತೆ ನೋಡಿಕೊಳ್ಳಿ’ ಎಂದಷ್ಟೇ ಹೇಳಿದ್ದಾರೆ. ನನ್ನ ಪ್ರಶ್ನೆ ಮೂರು. ಈ ಕೀಟೊ ಪಥ್ಯದಲ್ಲಿ ಕೀಟೋನ್ (ಕೊಬ್ಬಿನಿಂದ ಲಿವರ್ ಮಾಡುವ ಇಂಧನ) ಏರಿದಾಗ ಗಡ್ಡೆಯ ಚಯಾಪಚಯದಲ್ಲಿ ನಿಜವಾಗಿ ಬದಲಾಗುವುದೇನು? ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಏನು ಸಿಕ್ಕಿದೆ? ಮಾಡುವುದೇ ಆದರೆ ನಮ್ಮ ಅಡುಗೆಮನೆಯಲ್ಲಿ ಲೆಕ್ಕ ಕೂಡಿಸುವುದು ಹೇಗೆ?

ಔಷಧಮಾಲೆ

ಮೂರು ಪ್ರಶ್ನೆಗೂ ಮೊದಲು ಔಷಧಿಯ ಪಟ್ಟಿ ನೋಡೋಣ. ಡಪಾಗ್ಲಿಫ್ಲೋಜಿನ್ ನಡೆಯುತ್ತಿರುವಾಗ ಕೀಟೊ ಪಥ್ಯ ಶುರು ಮಾಡಲೇಬೇಡಿ. ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಕೂಡ ಅದೇ ಗುಂಪಿನವು. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಅದರಿಂದ ಇನ್ಸುಲಿನ್ ಇಳಿಯುತ್ತದೆ, ಅದಕ್ಕೆ ಎದುರಾಗಿ ಕೆಲಸ ಮಾಡುವ ಗ್ಲುಕಗಾನ್ ಹಾರ್ಮೋನ್ ಏರುತ್ತದೆ, ಲಿವರ್ ತಾನಾಗಿಯೇ ಕೀಟೋನ್ ಮಾಡಲು ಶುರು ಮಾಡುತ್ತದೆ. ಅದರ ಮೇಲೆ ಹಿಟ್ಟಿನ ಪದಾರ್ಥವನ್ನೂ ನಿಲ್ಲಿಸಿದರೆ ರಕ್ತ ಹುಳಿಯಾಗುವ ಕೀಟೊಆಸಿಡೋಸಿಸ್ ಆಗಬಹುದು. ಮೋಸ ಎಲ್ಲಿದೆ ಅಂದರೆ, ಗ್ಲುಕೋಮೀಟರ್ 150-180 ತೋರಿಸುತ್ತಿರುತ್ತದೆ. ‘ಶುಗರ್ ಸರಿಯಿದೆ’ ಎಂದು ಮನೆಯವರು ಸುಮ್ಮನಿರುತ್ತಾರೆ. ವಾಂತಿ, ಏದುಸಿರು, ಮಂಪರು ಬಂದರೆ ಗಡ್ಡೆಯ ಊತದಿಂದ ಇರಬೇಕು ಎಂದುಕೊಳ್ಳುತ್ತಾರೆ.

ಆಪರೇಷನ್‌ಗೆ ಮುಂಚೆ ಈ ಮಾತ್ರೆಯನ್ನು ಕನಿಷ್ಠ 3 ದಿನ ನಿಲ್ಲಿಸುವುದು ಇದೇ ಕಾರಣಕ್ಕೆ. ಸಕ್ಕರೆ ಕಾಯಿಲೆಯ ಡಾಕ್ಟರನ್ನು ಕೇಳಿ ಬೇರೆ ಔಷಧಿಗೆ ಬದಲಿಸಿಕೊಳ್ಳಿ. ಮೆಟ್‌ಫಾರ್ಮಿನ್ ಒಂದೇ ಇದ್ದರೆ, ಕಿಡ್ನಿ ಚೆನ್ನಾಗಿದ್ದರೆ ಅಷ್ಟು ಗಾಬರಿಯಿಲ್ಲ. ಮುಂದೆ ಯಾರಾದರೂ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಸೇರಿಸಿದರೆ, ಪಥ್ಯದಲ್ಲಿದ್ದಾರೆ ಎಂದು ತಿಳಿಸಿ ಡೋಸ್ ಕಡಿಮೆ ಮಾಡಿಸಬೇಕು, ಇಲ್ಲದಿದ್ದರೆ ಸಕ್ಕರೆ ತೀರಾ ಕೆಳಗೆ ಬೀಳುತ್ತದೆ.

ಉಳಿದದ್ದು ಆಮೇಲೆ ಬರೆಯುತ್ತೇನೆ. ಇದು ಮಾತ್ರ ಇವತ್ತೇ ಆಗಬೇಕಾದ ಕೆಲಸ.

ನರಕೋಶ

ಮೊದಲೆರಡು ಪ್ರಶ್ನೆಗೆ ಉತ್ತರಿಸುತ್ತೇನೆ.

‘ಗಡ್ಡೆಗೆ ಸಕ್ಕರೆಯೇ ಆಹಾರ’ ಎಂಬ ಮಾತು ಬಂದದ್ದು ಜರ್ಮನಿಯ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲಿ ಕಂಡದ್ದರಿಂದ. ಆಮ್ಲಜನಕ ಬೇಕಾದಷ್ಟಿದ್ದರೂ ಕ್ಯಾನ್ಸರ್ ಕೋಶಗಳು ಗ್ಲುಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಮಾಡಿ ಬಿಡುತ್ತವೆ. ಇದು ನಿಜ, ಗ್ಲಿಯೋಬ್ಲಾಸ್ಟೊಮಾದಲ್ಲೂ ನಿಜ. ಅದರ ಮೇಲೆ ವಾರ್ಬರ್ಗ್ ಕಟ್ಟಿದ ಊಹೆ ಬೇರೆ: ಈ ಕೋಶಗಳ ಉಸಿರಾಟವೇ, ಅಂದರೆ ಕೋಶದೊಳಗೆ ಆಹಾರ ಉರಿಸುವ ಮೈಟೊಕಾಂಡ್ರಿಯವೇ ಕೆಟ್ಟಿದೆ ಎನ್ನುವುದು. ‘ಕೀಟೋನನ್ನು ಗಡ್ಡೆ ಬಳಸಲಾರದು’ ಎಂಬ ವಾದ ನಿಂತಿರುವುದು ಈ ಊಹೆಯ ಮೇಲೆ. ಬಾಸ್ಟನ್ ಕಾಲೇಜಿನ ಥಾಮಸ್ ಸೈಫ್ರೀಡ್ ಇವತ್ತಿಗೂ ಇದನ್ನು ಬಲವಾಗಿ ಹೇಳುತ್ತಾರೆ.

ರೋಗಿಗಳಲ್ಲೇ ಅಳೆದಾಗ ಚಿತ್ರ ಬೇರೆ ಕಂಡಿತು. ಡಲ್ಲಾಸ್‌ನ ಸಂಶೋಧಕರು ಆಪರೇಷನ್ ವೇಳೆ ರೋಗಿಗಳ ರಕ್ತಕ್ಕೆ ಗುರುತು ಹಾಕಿದ ಗ್ಲುಕೋಸ್ (ಕಾರ್ಬನ್-13 ಇರುವುದು) ಕೊಟ್ಟು, ತೆಗೆದ ಗಡ್ಡೆಯ ತುಣುಕಿನಲ್ಲಿ ಆ ಗುರುತು ಎಲ್ಲೆಲ್ಲಿ ಸೇರಿದೆ ಎಂದು ನೋಡಿ 2012ರಲ್ಲಿ ಪ್ರಕಟಿಸಿದರು. ಗ್ಲುಕೋಸ್ ಮೈಟೊಕಾಂಡ್ರಿಯದೊಳಗೂ ಚೆನ್ನಾಗಿ ಉರಿಯುತ್ತಿತ್ತು. ಅಷ್ಟೇ ಅಲ್ಲ, ಅಲ್ಲಿ ಉರಿಯುವ ಅಸಿಟೈಲ್-ಕೋಎ (ಬೇರೆ ಬೇರೆ ಸೌದೆ ಉರಿಯುವ ಮುಂಚೆ ತಾಳುವ ರೂಪ) ಪೈಕಿ ರಕ್ತದ ಗ್ಲುಕೋಸಿನಿಂದ ಬಂದದ್ದು ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದು ಬೇರೆ ಸೌದೆಯಿಂದ ಬರುತ್ತಿದೆ. ಅಸಿಟೇಟನ್ನೂ ಕೊಬ್ಬಿನ ಆಮ್ಲಗಳನ್ನೂ ಈ ಗಡ್ಡೆ ಬಳಸಬಲ್ಲದು ಎಂಬುದಕ್ಕೆ ಪುರಾವೆಗಳಿವೆ. ಒಂದೇ ಒಲೆ, ಹಲವು ಬಗೆಯ ಸೌದೆ. ಒಂದನ್ನು ಎಳೆದರೆ ಒಲೆ ಆರಲೇಬೇಕೆಂದಿಲ್ಲ.

ಕೀಟೋನಿನ ವಿಷಯಕ್ಕೆ ಬಂದರೆ, ಯೇಲ್ ವಿಶ್ವವಿದ್ಯಾಲಯದವರು 2016ರಲ್ಲಿ 9ಎಲ್ ಮತ್ತು ಆರ್‌ಜಿ2 ಎಂಬ ಎರಡು ಬಗೆಯ ಗ್ಲಿಯೋಮ ಇದ್ದ ಇಲಿಗಳಿಗೆ ಕೀಟೊ ಆಹಾರ ಕೊಟ್ಟು ನೋಡಿದರು. ಗಡ್ಡೆಯೊಳಕ್ಕೆ ಕೀಟೋನ್ ಸಾಗಣೆ ಹೆಚ್ಚಿತು, ಒಳಗೆ ಅದು ಉರಿಯುವುದೂ ಹೆಚ್ಚಿತು, ಬೆಳವಣಿಗೆ ಮಾತ್ರ ಕುಗ್ಗಲಿಲ್ಲ. ಇನ್ನೊಂದು ಕಡೆ ಫೀನಿಕ್ಸ್‌ನ ಬ್ಯಾರೊ ಸಂಸ್ಥೆಯ 2012ರ ಪ್ರಯೋಗದಲ್ಲಿ 4:1 ಕೀಟೊ ಆಹಾರದ (ಕೊಬ್ಬು 4 ಪಾಲು, ಪ್ರೋಟೀನ್-ಕಾರ್ಬೊಹೈಡ್ರೇಟ್ ಸೇರಿ 1 ಪಾಲು) ಜೊತೆ ರೇಡಿಯೇಷನ್ ಕೊಟ್ಟ 11 ಇಲಿಗಳಲ್ಲಿ 9ರಲ್ಲಿ ಗಡ್ಡೆ ಪೂರ್ತಿ ಮಾಯವಾಯಿತು. ಎರಡೂ ನಿಜ. ಆದ್ದರಿಂದಲೇ ಗಡ್ಡೆಯ ತಳಿಯನ್ನು ನೋಡದೆ ಮಾತಾಡಬಾರದು, ರೇಡಿಯೇಷನ್ ಜೊತೆಗಿತ್ತೋ ಇಲ್ಲವೋ ಎಂಬುದನ್ನು ಮರೆಯಬಾರದು. ಇನ್ನೊಂದು ಎಚ್ಚರಿಕೆ: ತೂಕಕ್ಕೆ ಹೋಲಿಸಿದರೆ ಸುಂಡಿಲಿಯ ಚಯಾಪಚಯದ ವೇಗ ನಮ್ಮದರ ಸುಮಾರು 7 ಪಟ್ಟು. ಅದಕ್ಕೆ ಊಟ 40% ಕಡಿತ ಮಾಡಿದರೆ ಆಗುವ ಬದಲಾವಣೆ ಮನುಷ್ಯನಿಗೆ ಬರಬೇಕಾದರೆ ನೀರು ಮಾತ್ರ ಕುಡಿದು ಉಪವಾಸ ಇರಬೇಕಾದೀತು.

ಗ್ಲುಕೋಸ್ ಎಷ್ಟು ಇಳಿಸಬಹುದು ಎಂಬುದಕ್ಕೂ ಮಿತಿಯಿದೆ. ತಿನ್ನದಿದ್ದರೂ ಲಿವರ್ ಗ್ಲುಕೋಸ್ ತಯಾರಿಸುತ್ತದೆ, ರಕ್ತದಲ್ಲಿ 65-80 ಉಳಿಯುತ್ತದೆ. ಗ್ಲಿಯೋಬ್ಲಾಸ್ಟೊಮಾದ ಅತಿ ಮೊಂಡು ಕೋಶಗಳು ಗ್ಲುಟ್-3 ಎಂಬ ಸಾಗಣೆದಾರನನ್ನು ಹೆಚ್ಚಿಸಿಕೊಳ್ಳುತ್ತವೆ. ಕಡಿಮೆ ಗ್ಲುಕೋಸ್ ಇದ್ದಾಗಲೂ ಹೀರಿಕೊಳ್ಳುವುದೇ ಅದರ ಗುಣ.

ಮನುಷ್ಯರ ಪ್ರಯೋಗಗಳಲ್ಲಿ ಜರ್ಮನಿಯ ಎರಡನ್ನು ತಿಳಿದಿರಬೇಕು. 2014ರ ಎರ್ಗೊ: ಮರುಕಳಿಸಿದ ಗ್ಲಿಯೋಬ್ಲಾಸ್ಟೊಮಾ ಇದ್ದ 20 ಜನ, ಬೇರೆ ಚಿಕಿತ್ಸೆ ಇಲ್ಲದೆ ಪಥ್ಯ ಮಾತ್ರ, ದಿನಕ್ಕೆ 60 ಗ್ರಾಂ ಕಾರ್ಬೊಹೈಡ್ರೇಟ್. ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಮಾಂಕ 5 ವಾರ. 3 ಜನ ತಡೆಯಲಾರದೆ ಬಿಟ್ಟರು. ಪಥ್ಯವೊಂದನ್ನೇ ನಂಬಿ ರೇಡಿಯೇಷನ್ ಬಿಡುವ ಯೋಚನೆ ಯಾರಿಗಾದರೂ ಇದ್ದರೆ ಈ 5 ವಾರ ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ. 2020ರ ಎರ್ಗೊ-2: 50 ಜನ, ಎಲ್ಲರಿಗೂ ಮರು-ರೇಡಿಯೇಷನ್, ಅರ್ಧದಷ್ಟು ಜನಕ್ಕೆ 9 ದಿನದ ಪಥ್ಯ (3 ದಿನ ಕಡಿಮೆ ಕ್ಯಾಲರಿಯ ಕೀಟೊ, 3 ದಿನ ಉಪವಾಸ, ಮತ್ತೆ 3 ದಿನ ಕೀಟೊ). ಎರಡು ಗುಂಪಿಗೂ ವ್ಯತ್ಯಾಸ ಸಿಗಲಿಲ್ಲ. ಪಥ್ಯದ ಗುಂಪಿನೊಳಗೆ ಗ್ಲುಕೋಸ್ 83.5ಕ್ಕಿಂತ ಕೆಳಗಿದ್ದವರು ಹೆಚ್ಚು ಕಾಲ ಬದುಕಿದರು. ಆದರೆ ಅದು ಪ್ರಯೋಗ ಮುಗಿದ ಮೇಲೆ ಹೆಕ್ಕಿದ ಲೆಕ್ಕ. ಗಟ್ಟಿಮುಟ್ಟಾಗಿದ್ದು ಸ್ಟಿರಾಯ್ಡ್ ಕಡಿಮೆ ಬೇಕಾದವರಿಗೇ ಗ್ಲುಕೋಸ್ ಕಡಿಮೆ ಇದ್ದಿರಲೂಬಹುದು.

ಪೆಟ್ ಸ್ಕ್ಯಾನ್ (ಗಡ್ಡೆ ಎಷ್ಟು ಗ್ಲುಕೋಸ್ ಹೀರುತ್ತದೆ ಎಂದು ತೋರಿಸುವ ಸ್ಕ್ಯಾನ್) ಬಗ್ಗೆ ಒಂದು ಮಾತು. 1995ರಲ್ಲಿ ಅಮೆರಿಕದಲ್ಲಿ ಇಬ್ಬರು ಮಕ್ಕಳಿಗೆ ಎಂಸಿಟಿ ಎಣ್ಣೆಯ (ಬೇಗ ಕೀಟೋನ್ ಕೊಡುವ, ಮಧ್ಯಮ ಉದ್ದದ ಕೊಬ್ಬಿನ ಎಣ್ಣೆ) ಪಥ್ಯ ಕೊಟ್ಟಾಗ ಗಡ್ಡೆ ಗ್ಲುಕೋಸ್ ಹೀರುವುದು ಸರಾಸರಿ 21.8% ಇಳಿಯಿತು. ಎಲ್ಲ ವಿಡಿಯೊಗಳಲ್ಲೂ ಬರುವ ಅಂಕಿ ಇದು. ಆದರೆ ಕೀಟೋನ್ ಏರಿದಾಗ ಮಾಮೂಲಿ ಮೆದುಳು ಕೂಡ ಗ್ಲುಕೋಸ್ ಕಡಿಮೆ ಹೀರುತ್ತದೆ. ಹೀರುವುದು ಇಳಿದ ಮಾತ್ರಕ್ಕೆ ಕೋಶ ಸತ್ತಿದೆ ಎಂದು ಓದಬಾರದು. ನಿಮ್ಮ ರೋಗಿಗೆ ಮುಂದೆ ಈ ಸ್ಕ್ಯಾನ್ (ಎಫ್‌ಡಿಜಿ ಪೆಟ್) ಬರೆದರೆ, ಪಥ್ಯದಲ್ಲಿದ್ದಾರೆ ಎಂದು ಸ್ಕ್ಯಾನ್ ಮಾಡುವವರಿಗೆ ಮೊದಲೇ ತಿಳಿಸಿ.

ಹಾಗಾಗಿ ನನ್ನ ಅಭಿಪ್ರಾಯ: ಇದನ್ನು ಚಿಕಿತ್ಸೆ ಎಂದು ಕರೆಯುವ ಹಂತಕ್ಕೆ ನಾವಿನ್ನೂ ಬಂದಿಲ್ಲ. ರೇಡಿಯೇಷನ್-ಕೀಮೊ ಜೊತೆಗೆ, ತೂಕ ಇಳಿಸದೆ, ಅಳೆದು ಮಾಡುವುದಾದರೆ ಅದು ಯೋಗ್ಯವಾದ ಪ್ರಯತ್ನ. ಹೊಸದಾಗಿ ಪತ್ತೆಯಾದವರಲ್ಲಿ ಇದನ್ನೇ ಪರೀಕ್ಷಿಸುವ ಎರಡನೇ ಹಂತದ ಪ್ರಯೋಗ ಅಮೆರಿಕದಲ್ಲಿ ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಮುಂದಾಳತ್ವದಲ್ಲಿ ಶುರುವಾಗಿದೆ.

ಪಥ್ಯಪಾಕ

ಅಡುಗೆಮನೆಯ ಲೆಕ್ಕ ನನ್ನ ಪಾಲಿಗಿರಲಿ.

4:1 ಅಂದರೆ 4 ಗ್ರಾಂ ಕೊಬ್ಬಿಗೆ ಪ್ರೋಟೀನ್ ಮತ್ತು ಕಾರ್ಬ್ ಎರಡೂ ಸೇರಿ 1 ಗ್ರಾಂ. ಒಂದು ಪಾಲಿಗೆ 36 + 4 = 40 ಕ್ಯಾಲರಿ. 1800 ಕ್ಯಾಲರಿ ಬೇಕಾದವರಿಗೆ 45 ಪಾಲು: ಕೊಬ್ಬು 180 ಗ್ರಾಂ, ಪ್ರೋಟೀನ್-ಕಾರ್ಬ್ ಸೇರಿ 45 ಗ್ರಾಂ. ನಿಮ್ಮವರಿಗೆ ಪ್ರೋಟೀನ್ ಒಂದೇ 60 ಗ್ರಾಂ ಬೇಕು. ಲೆಕ್ಕ ಅಲ್ಲೇ ಮುರಿಯಿತು. ಮೂರ್ಛೆ ರೋಗದ ಮಕ್ಕಳ ಅನುಪಾತವನ್ನು ತಂದು ದೊಡ್ಡವರಿಗೆ ಹಾಕಿದಾಗ ಮೊದಲು ಕರಗುವುದು ತೊಡೆಯ ಮಾಂಸ. ಸ್ಟಿರಾಯ್ಡ್ ಆಗಲೇ ಆ ಮಾಂಸಖಂಡವನ್ನು ತಿನ್ನುತ್ತಿರುತ್ತದೆ, ರೋಗಿ ಕುರ್ಚಿಯಿಂದ ಏಳಲಾರದೆ ಹೋಗುತ್ತಾರೆ.

2:1ಕ್ಕೆ ಇಳಿಸಿ. ಪಾಲಿಗೆ 22 ಕ್ಯಾಲರಿ, 82 ಪಾಲು. ಕೊಬ್ಬು 164 ಗ್ರಾಂ, ಪ್ರೋಟೀನ್ 60, ಕಾರ್ಬ್ 22. ಇದು ಕೂಡುತ್ತದೆ.

ತಟ್ಟೆಗೆ ಬಂದರೆ ದಿನಕ್ಕೆ ಹೀಗೆ: ಮೊಟ್ಟೆ 4, ಪನೀರ್ 120 ಗ್ರಾಂ, ಹಸಿ ತೆಂಗಿನಕಾಯಿ 60 ಗ್ರಾಂ, ಶೇಂಗಾ 30 ಗ್ರಾಂ, ಸೊಪ್ಪು-ತರಕಾರಿ 250 ಗ್ರಾಂ (ಹೀರೆ, ಸೋರೆ, ಬದನೆ, ಬೆಂಡೆ, ಎಲೆಕೋಸು), ಮೇಲೆ ತುಪ್ಪ-ಬೆಣ್ಣೆ-ಎಣ್ಣೆ ಎಲ್ಲ ಸೇರಿ 80 ಗ್ರಾಂ. ಕೂಡಿದರೆ ಕೊಬ್ಬು ಸುಮಾರು 160, ಪ್ರೋಟೀನ್ 60ರ ಹತ್ತಿರ, ಕಾರ್ಬ್ 20. ಹೋಲಿಕೆಗೆ ಹೇಳುವುದಾದರೆ, 100 ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆಯಲ್ಲೇ 65 ಗ್ರಾಂಗೂ ಹೆಚ್ಚು ಕಾರ್ಬ್ ಇದೆ, ಅಂದರೆ ಮೂರು ದಿನದ ಪಾಲು. ‘ರಾಗಿ ಶುಗರ್‌ಗೆ ಒಳ್ಳೇದು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಬೇಳೆ ಸಾರಿನ ಗಟ್ಟಿ, ಕ್ಯಾರೆಟ್, ಬೀಟ್‌ರೂಟ್, ಆಲೂ, ಬಾಳೆಹಣ್ಣು, ಎಳನೀರು, ಬೆಲ್ಲ ಎಲ್ಲ ಹೊರಗೆ. ಮೊಸರು ದಿನಕ್ಕೆ 100 ಗ್ರಾಂ ದಾಟಬಾರದು, ಅದರ 4-5 ಗ್ರಾಂ ಕಾರ್ಬ್ ಅನ್ನು ತರಕಾರಿಯಲ್ಲಿ ಕಳೆಯಬೇಕು.

80 ಗ್ರಾಂ ಜಿಡ್ಡು ಅಂದರೆ ಹತ್ತಿರ ಹತ್ತಿರ 6 ಟೇಬಲ್ ಚಮಚ. ಎಲ್ಲರೂ ಸೋಲುವುದು ಇಲ್ಲೇ. ಬಾಣಲೆಗೆ ಹಾಕಿದ್ದನ್ನು ಲೆಕ್ಕಕ್ಕೆ ಬರೆಯುತ್ತಾರೆ, ಹೊಟ್ಟೆಗೆ ಹೋದದ್ದನ್ನಲ್ಲ. ಪಲ್ಯ ಬಡಿಸಿದ ಮೇಲೆ ಬಾಣಲೆಯಲ್ಲಿ, ಊಟ ಮುಗಿದ ಮೇಲೆ ತಟ್ಟೆಯಂಚಿನಲ್ಲಿ ಹೆಪ್ಪುಗಟ್ಟಿ ಉಳಿದ ತುಪ್ಪವನ್ನು ಕೆರೆದು ಒಮ್ಮೆ ತೂಗಿ ನೋಡಿ, ಒಂದು ಚಮಚದಷ್ಟಾದರೂ ಇರುತ್ತದೆ. ಮೂರು ಹೊತ್ತಿಗೆ ಸೇರಿಸಿದರೆ ಅರ್ಧ ಹೊತ್ತಿನ ಕ್ಯಾಲರಿ. ತೂಕ ಇಳಿಯುವುದಕ್ಕೆ ಇದೇ ಕಾರಣ, ಜನ ಮಾತ್ರ ಪಥ್ಯವನ್ನು ದೂರುತ್ತಾರೆ. ಬಿಸಿ ಸೊಪ್ಪಿನ ಸಾರಿಗೆ ಲೋಟದಲ್ಲೇ ತುಪ್ಪ ಹಾಕಿ ಕುಡಿಸಿ, ಪನೀರನ್ನು ಗಟ್ಟಿ ತೆಂಗಿನಹಾಲಿನಲ್ಲಿ ಬೇಯಿಸಿ, ಚಟ್ನಿಗೆ ರುಬ್ಬುವಾಗಲೇ ಎಣ್ಣೆ ಸೇರಿಸಿ. ಒಗ್ಗರಣೆ ಎಣ್ಣೆಯನ್ನು ಮೇಲೆ ತೇಲಲು ಬಿಟ್ಟರೆ ಅದು ತಟ್ಟೆಯಲ್ಲೇ ಉಳಿಯುತ್ತದೆ. ರೊಟ್ಟಿ ಬೇಕೇ ಬೇಕು ಅನ್ನುವವರಿಗೆ ಅಗಸೆ ಪುಡಿಯನ್ನು ಬಿಸಿನೀರಲ್ಲಿ ಕಲಸಿ 10 ನಿಮಿಷ ಬಿಟ್ಟು ತಟ್ಟಿ, ಅಂಟು ಬರುತ್ತದೆ, ಕಾರ್ಬ್ ತೀರಾ ಕಡಿಮೆ.

ಕೊಬ್ಬರಿ ಎಣ್ಣೆಯನ್ನೇ ಎಂಸಿಟಿ ಎಣ್ಣೆ ಎಂದು ಮಾರುವವರಿದ್ದಾರೆ. ಬೇಗ ಕೀಟೋನ್ ಕೊಡುವ 8 ಮತ್ತು 10 ಕಾರ್ಬನ್ನಿನ ಆಮ್ಲ ಅದರಲ್ಲಿರುವುದು ಹೆಚ್ಚೆಂದರೆ ಏಳರಲ್ಲೊಂದು ಪಾಲು. ಅಡುಗೆಗೆ ಧಾರಾಳವಾಗಿ ಬಳಸಿ, ಆದರೆ ಎಂಸಿಟಿ ಎಂದು ಲೆಕ್ಕ ಹಾಕಬೇಡಿ. ನಿಜವಾದ ಎಂಸಿಟಿ ತಂದರೆ 5 ಮಿಲಿಯಿಂದ ಶುರು ಮಾಡಿ, ಊಟದ ಜೊತೆಗೇ ಕೊಡಿ, ಮೂರು-ನಾಲ್ಕು ದಿನಕ್ಕೊಮ್ಮೆ 5 ಮಿಲಿ ಏರಿಸಿ. ಖಾಲಿ ಹೊಟ್ಟೆಗೆ 30 ಮಿಲಿ ಕೊಟ್ಟರೆ ಭೇದಿ ಖಂಡಿತ.

ಮೊದಲ ದಿನವೇ 20 ಗ್ರಾಂಗೆ ಹಾರಬೇಡಿ. 60, ಆಮೇಲೆ 40, ಆಮೇಲೆ 20, ಒಂದೊಂದಕ್ಕೂ ಮೂರು ದಿನ. ರೇಡಿಯೇಷನ್‌ಗೆ ಹತ್ತು ದಿನ ಇದೆ ಅಂದಿರಿ, ಡಪಾಗ್ಲಿಫ್ಲೋಜಿನ್ ಬದಲಾಗಿ ಮೂರು ದಿನ ಕಳೆದ ಮೇಲೆ ಶುರು ಮಾಡಿದರೂ ಹೊಂದುತ್ತದೆ. ಅದಕ್ಕೆ ಮೊದಲು ಲಿಪಿಡ್, ಲಿವರ್, ಕ್ರಿಯಾಟಿನಿನ್, ಯೂರಿಕ್ ಆಸಿಡ್, ಸೋಡಿಯಂ-ಪೊಟ್ಯಾಸಿಯಂ, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ವಾರಕ್ಕೆರಡು ಸಲ ಒಂದೇ ತಕ್ಕಡಿಯಲ್ಲಿ ತೂಗಿ. ತಿಂಗಳಲ್ಲಿ 3 ಕೆಜಿ ಇಳಿದರೆ, ಅಂದರೆ 5%, ನಿಲ್ಲಿಸಿ ಮತ್ತೆ ಲೆಕ್ಕ ಮಾಡಬೇಕು.

ತುಂಗಾತೀರ

ತುಂಬಾ ಉಪಕಾರವಾಯಿತು. ಡಪಾಗ್ಲಿಫ್ಲೋಜಿನ್ ಬಗ್ಗೆ ಫೋನ್ ಮಾಡಿದೆವು, ನಾಳೆಯಿಂದ ಬದಲಿ ಔಷಧಿ. ಎರಡು ಅನುಮಾನ ಉಳಿದಿವೆ. ಕೀಟೋನ್ ಅಳೆಯುವುದು ಮೂತ್ರದ ಪಟ್ಟಿಯಲ್ಲಿ ಸಾಕೇ? ಮತ್ತೆ, ಕೀಮೊ ಮಾತ್ರೆಗೂ ಇಷ್ಟು ಜಿಡ್ಡಿನ ಊಟಕ್ಕೂ ಏನಾದರೂ ತೊಡಕಿದೆಯೇ?

ಔಷಧಮಾಲೆ

ಮೂತ್ರದ ಪಟ್ಟಿ ಅಸಿಟೊಅಸಿಟೇಟ್ ಎಂಬ ಒಂದು ಬಗೆಯ ಕೀಟೋನನ್ನು ಮಾತ್ರ ನೋಡುತ್ತದೆ. ರಕ್ತದಲ್ಲಿ ಹೆಚ್ಚಿರುವುದು ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಇನ್ನೊಂದು ಬಗೆ. ನೀರು ಹೆಚ್ಚು ಕುಡಿದ ದಿನ ಪಟ್ಟಿಯ ಬಣ್ಣ ತಿಳಿಯಾಗುತ್ತದೆ, ಬೆವರಿದ ದಿನ ಗಾಢವಾಗುತ್ತದೆ. ಮೊದಲ ವಾರ ದಾರಿ ಸರಿಯಿದೆಯೇ ನೋಡಲು ಸಾಕು, ಆಮೇಲೆ ಬೆರಳು ಚುಚ್ಚಿ ರಕ್ತದ ಪಟ್ಟಿಯಲ್ಲೇ ನೋಡಿ. ಕೈಯನ್ನು ಸೋಪಿನಲ್ಲಿ ತೊಳೆದು ಒಣಗಿಸಿ, ಮೊದಲ ಹನಿ ಒರೆಸಿ ಎರಡನೆಯದನ್ನು ಹಿಡಿಯಿರಿ. ಹಣ್ಣು ಮುಟ್ಟಿದ ಬೆರಳು ಗ್ಲುಕೋಸನ್ನು ಸುಳ್ಳೇ ಏರಿಸಿ ತೋರಿಸುತ್ತದೆ.

ಎರಡನ್ನೂ ಸೇರಿಸಿ ನೋಡುವ ಸೂಚ್ಯಂಕವೊಂದಿದೆ, ಸೈಫ್ರೀಡ್ ತಂಡ 2015ರಲ್ಲಿ ಕೊಟ್ಟದ್ದು. ಗ್ಲುಕೋಸನ್ನು 18ರಿಂದ ಭಾಗಿಸಿ, ಬಂದದ್ದನ್ನು ಕೀಟೋನಿನಿಂದ ಭಾಗಿಸಿ. ಗ್ಲುಕೋಸ್ 90 (ಮಿಗ್ರಾಂ/ಡಿಎಲ್), ಕೀಟೋನ್ 1.5 (ಮಿಲಿಮೋಲ್/ಲೀ) ಇದ್ದರೆ 5 ÷ 1.5 = 3.3. ಅವರ ಗುರಿ 1-2. ಸ್ಟಿರಾಯ್ಡ್ ಇರುವಾಗ ಆ ಗುರಿಯ ಬೆನ್ನು ಹತ್ತಿ ಊಟ ಕಡಿಮೆ ಮಾಡುತ್ತಾ ಹೋಗಬೇಡಿ. ಬೆಳಿಗ್ಗೆ ಡೆಕ್ಸಾಮೆಥಾಸೋನ್ ತೆಗೆದುಕೊಂಡವರಿಗೆ ಖಾಲಿಹೊಟ್ಟೆಯ ಸಕ್ಕರೆ ಚೆನ್ನಾಗಿಯೇ ಕಾಣುತ್ತದೆ, ಮಧ್ಯಾಹ್ನದಿಂದ ಸಂಜೆಗೆ ಏರುತ್ತದೆ. ಬೆಳಗಿನ ಒಂದೇ ಅಂಕಿ ನೋಡಿದರೆ ಮೋಸ ಹೋಗುತ್ತೀರಿ, ಸಂಜೆ 5ಕ್ಕೂ ಒಮ್ಮೆ ನೋಡಿ. ಗ್ಲುಕೋಸ್ ಇಳಿಸಲು ಎಲ್ಲಕ್ಕಿಂತ ದೊಡ್ಡ ಹಿಡಿ ಇರುವುದು ಸ್ಟಿರಾಯ್ಡ್ ಕಡಿಮೆ ಮಾಡುವುದರಲ್ಲಿ. ಅದನ್ನು ಡಾಕ್ಟರು ಮಾತ್ರ, ಹಂತಹಂತವಾಗಿ ಮಾಡಬೇಕು. ಮನೆಯಲ್ಲಿ ಏಕಾಏಕಿ ನಿಲ್ಲಿಸಿದರೆ ಮೆದುಳಿನ ಊತ ಮರಳುತ್ತದೆ, ಬಿಪಿಯೂ ಕುಸಿಯಬಹುದು.

ಟೆಮೊಜೊಲೊಮೈಡ್‌ಗೆ ತೊಡಕಿದೆ. ಜಿಡ್ಡು ಹೆಚ್ಚಿರುವ ತಿಂಡಿಯ ಮೇಲೆ ನುಂಗಿದರೆ ರಕ್ತದಲ್ಲಿ ಅದು ಏರುವ ಗರಿಷ್ಠ ಮಟ್ಟ 32% ಇಳಿಯುತ್ತದೆ, ಒಟ್ಟು ಸೇರುವುದು 9% ಕಡಿಮೆ. ಆದ್ದರಿಂದ ದಿನಾ ಒಂದೇ ಹೊತ್ತಿಗೆ, ಖಾಲಿ ಹೊಟ್ಟೆಗೆ ಕೊಡಿ. ತುಪ್ಪದ ಸಾರನ್ನು ಒಂದು ಗಂಟೆ ಕಳೆದ ಮೇಲೆ ಕುಡಿಸಿ. ವಾಂತಿ ತಡೆಯಲು ಅದರ ಜೊತೆ ಕೊಡುವ ಒಂಡಾನ್ಸೆಟ್ರಾನ್ ಮಲಬದ್ಧತೆ ತರುತ್ತದೆ, ಈ ಪಥ್ಯವೂ ತರುತ್ತದೆ. ಎರಡೂ ಸೇರಿದರೆ ಐದು ದಿನ ಹೊಟ್ಟೆ ಕಟ್ಟುತ್ತದೆ, ರೋಗಿ ಊಟವನ್ನೇ ಬಿಡುತ್ತಾರೆ. ಮೊದಲ ದಿನದಿಂದಲೇ ಅಗಸೆ, ಸೊಪ್ಪು, ಎರಡೂವರೆ ಲೀಟರ್ ನೀರು, ಬೇಕಾದರೆ ಡಾಕ್ಟರನ್ನು ಕೇಳಿ ಸಕ್ಕರೆಯಿಲ್ಲದ ವಿರೇಚಕ.

ಲೆವೆಟಿರಾಸೆಟಮ್ ಮಾತ್ರೆಯಲ್ಲೇ ಇರಲಿ, ಸಿರಪ್ ಬೇಡ. ಕೆಮ್ಮಿನ ಸಿರಪ್ ಕೂಡ ಬೇಡ. ಮೂರ್ಛೆಗೆ ಟೋಪಿರಾಮೇಟ್ ಸೇರಿಸಿದರೆ ಕಿಡ್ನಿ ಕಲ್ಲು ಮತ್ತು ರಕ್ತ ಹುಳಿಯಾಗುವ ಅಪಾಯ ಹೆಚ್ಚು, ವಾಲ್ಪ್ರೊಯೇಟ್ ಸೇರಿಸಿದರೆ ಲಿವರ್ ಮೇಲೆ ಕಣ್ಣಿರಬೇಕು. ಆಸ್ಪತ್ರೆಗೆ ಸೇರಿದಾಗ ಮಾಮೂಲಾಗಿ ಏರಿಸುವ ಡಿಎನ್‌ಎಸ್ (ಗ್ಲುಕೋಸ್ ಸೇರಿಸಿದ ಸಲೈನ್) ಬಾಟಲಿ ಅರ್ಧ ಲೀಟರಿನಲ್ಲಿ 25 ಗ್ರಾಂ ಗ್ಲುಕೋಸ್ ಇದೆ. ತುರ್ತು ಇಲ್ಲದಿದ್ದರೆ ನಾರ್ಮಲ್ ಸಲೈನ್ ಆಗಬಹುದೇ ಎಂದು ಕೇಳಿ.

ಅದೇ, ಸಕ್ಕರೆ 60ಕ್ಕಿಂತ ಕೆಳಗೆ ಹೋಗಿ ಬೆವರು-ನಡುಕ ಬಂದರೆ ಪಥ್ಯ ಮರೆತು ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕೊಡಿ. ಎಚ್ಚರವಿದ್ದು ನುಂಗುವಂತಿದ್ದರೆ ಮಾತ್ರ. ಕೀಟೋನ್ 3 ದಾಟಿ ವಾಂತಿ, ಏದುಸಿರು ಇದ್ದರೆ, ಅಥವಾ ಮಂಪರು ಇದ್ದರೆ, ಕಾರಣ ಪಥ್ಯವೋ ಊತವೋ ಎಂದು ಮನೆಯಲ್ಲಿ ಊಹಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ನರಕೋಶ

ಹಿಂದಿನ ಉತ್ತರಕ್ಕೆ ಎರಡು ಸೇರ್ಪಡೆ.

ಬಯಾಪ್ಸಿಯ ಆಣ್ವಿಕ ವರದಿಯಲ್ಲಿ ಬಿರಾಫ್ ವಿ600ಇ (ಬಿರಾಫ್ ಜೀನಿನ ಒಂದು ಬದಲಾವಣೆ) ಎಂಬ ಸಾಲು ಇದೆಯೇ ನೋಡಿ. ಗ್ಲಿಯೋಬ್ಲಾಸ್ಟೊಮಾದಲ್ಲಿ ಅಪರೂಪ, ಮಕ್ಕಳ ಕೆಲವು ಗಡ್ಡೆಗಳಲ್ಲಿ ಹೆಚ್ಚು. ಈ ಬದಲಾವಣೆ ಇರುವ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳನ್ನು ಇಲಿಗಳಲ್ಲಿ ಬೆಳೆಸಿದಾಗ ಅಸಿಟೊಅಸಿಟೇಟ್ ಗಡ್ಡೆಯ ಬೆಳವಣಿಗೆಯನ್ನು ಚುರುಕುಗೊಳಿಸಿತು. ಮೆದುಳಿನ ಗಡ್ಡೆಗೂ ಹಾಗೇ ಎಂದು ಸಾಬೀತಾಗಿಲ್ಲ. ಆದರೂ ಅದು ಪಾಸಿಟಿವ್ ಇದ್ದರೆ ನಾನು ಈ ಪಥ್ಯ ಸೂಚಿಸುವುದಿಲ್ಲ.

ಇನ್ನೊಂದು, 2025ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ರೋಗಿಗಳಲ್ಲೇ ಗ್ಲುಕೋಸಿನ ಜಾಡು ಹಿಡಿದು ಪ್ರಕಟಿಸಿದ್ದು. ಪಕ್ಕದ ಆರೋಗ್ಯವಂತ ಮೆದುಳು ಗ್ಲುಕೋಸನ್ನು ಶಕ್ತಿಗೂ ನರಸಂದೇಶಕ್ಕೂ ಬಳಸಿದರೆ, ಗಡ್ಡೆ ಅದನ್ನು ಡಿಎನ್‌ಎ ಕಟ್ಟುವ ನ್ಯೂಕ್ಲಿಯೊಟೈಡ್‌ಗಳತ್ತ ತಿರುಗಿಸುತ್ತದೆ, ಸೆರೀನ್ ಎಂಬ ಅಮೈನೊ ಆಮ್ಲವನ್ನು ಮಾತ್ರ ತಾನು ತಯಾರಿಸದೆ ಹೊರಗಿನಿಂದ ಹೀರುತ್ತದೆ. ಸೆರೀನ್ ತೆಗೆದ ಆಹಾರ ಕೊಟ್ಟಾಗ ಇಲಿಗಳಲ್ಲಿ ಗಡ್ಡೆ ನಿಧಾನವಾಯಿತು. ಮೊಟ್ಟೆ-ಪನೀರಿನ ಕೀಟೊ ಊಟದಲ್ಲಿ ಸೆರೀನ್ ಹೇರಳವಾಗಿದೆ, ಇವೆರಡು ಬೇರೆ ಬೇರೆ ಪಥ್ಯಗಳು. ಸೆರೀನ್ ಕಡಿತವನ್ನು ಮನೆಯಲ್ಲಿ ಪ್ರಯತ್ನಿಸಬೇಡಿ. ಅದಕ್ಕೆ ವಿಶೇಷವಾಗಿ ತಯಾರಿಸಿದ ಪುಡಿ ಬೇಕು, ಸಾಮಾನ್ಯ ಆಹಾರದಿಂದ ಮಾಡಹೊರಟರೆ ಪ್ರೋಟೀನೇ ಇಲ್ಲದಂತಾಗುತ್ತದೆ.

ಪಥ್ಯಪಾಕ

ತುಂಗಾತೀರ ಅವರೇ, ರೇಡಿಯೇಷನ್‌ನ 30 ದಿನ ಆಸ್ಪತ್ರೆಗೆ ಓಡಾಟ ಇರುತ್ತದೆ, ಹೋಟೆಲ್ ಊಟ ತಪ್ಪಿಸುವುದು ಕಷ್ಟ. ಹಿಂದಿನ ರಾತ್ರಿಯೇ ಎರಡು ಬೇಯಿಸಿದ ಮೊಟ್ಟೆ, ತುಪ್ಪದಲ್ಲಿ ಹುರಿದ ಪನೀರ್ 60 ಗ್ರಾಂ, ಕಾಯಿ ಚಟ್ನಿ ಡಬ್ಬಿಗೆ ಹಾಕಿಡಿ. ಟೆಮೊಜೊಲೊಮೈಡ್ ಹೊತ್ತನ್ನು ಡಬ್ಬಿಯ ಮುಚ್ಚಳದ ಮೇಲೇ ಬರೆದುಬಿಡಿ. ಬಾಯಿ ರುಚಿ ಕೆಟ್ಟು ಊಟ ಅರ್ಧಕ್ಕಿಂತ ಕಡಿಮೆಯಾದ ದಿನ ಎರಡಕ್ಕಿಂತ ಹೆಚ್ಚಾದರೆ, ಪಥ್ಯ ಬಿಟ್ಟು ಮೊಸರನ್ನವೋ ಗಂಜಿಯೋ ಅವರಿಗೆ ಸೇರುವುದನ್ನು ಕೊಡಿ. ಮತ್ತೆ ಶುರು ಮಾಡುವಾಗ 60 ಗ್ರಾಂನಿಂದಲೇ ಬನ್ನಿ.